ಶಾಸನ ಸಂಪುಟಗಳ ಗಡಿಯಾಚೆ: ಕರಾವಳಿಯ ಬಸದಿಗಳು

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಬೆಂಗಳೂರಿನಲ್ಲಿ ಕನ್ನಡ ವಿದ್ವತ್ತಿನ ಹಳೆಯ ನೆಲೆಗಳು. 1915ರಲ್ಲಿ ಸ್ಥಾಪನೆಗೊಂಡ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ. ಈ ಬಡಾವಣೆಗಳ ಗ್ರಂಥಾಲಯಗಳಲ್ಲಿ ಕುಳಿತು ಜೈನ ಸಾಹಿತ್ಯವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಶ್ರವಣಬೆಳಗೊಳ ಕರತಲಾಮಲಕ. ಕಾರ್ಕಳ, ಮೂಡಬಿದಿರೆ, ಗೇರುಸೊಪ್ಪೆಗಳಾದರೋ ಅನೇಕ ವೇಳೆ ಅಡಿಟಿಪ್ಪಣಿಯಲ್ಲಿ ಸುಳಿದು ಮರೆಯಾಗುವ ಹೆಸರುಗಳು. ಇದಕ್ಕೆ ಊರುಗಳ ದೂರವೊಂದೇ ಕಾರಣವಲ್ಲ; ಆಕರಗ್ರಂಥಗಳು ಹುಟ್ಟಿದ ಕಾಲದ ಆಡಳಿತದ ಗಡಿಯೂ ಕಾರಣ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 12 ಸಂಪುಟಗಳು 1886ರಿಂದ 1905ರ ಅವಧಿಯಲ್ಲಿ ಪ್ರಕಟವಾದವು. ಅವುಗಳ ವ್ಯಾಪ್ತಿ ಮೈಸೂರು ಸಂಸ್ಥಾನ ಮತ್ತು ಕೊಡಗು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು; ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಹೀಗಾಗಿ ಶ್ರವಣಬೆಳಗೊಳದ ಶಾಸನಗಳು ಕನ್ನಡ ಓದುಗರಿಗೆ ಒಂದೇ ಸಂಪುಟದಲ್ಲಿ ದೊರೆತವು, 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣವನ್ನೂ ಕಂಡವು. ಕರಾವಳಿಯ ಶಾಸನಗಳು ಬೇರೆ ಮಾಲೆಗಳಲ್ಲಿ ಹರಿದು ಹಂಚಿಹೋದವು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಆದರೆ ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಗಡಿ ಉಳಿದುಕೊಂಡಿತು. ಈ ಗಡಿಯನ್ನು ದಾಟಲು ಸ್ಥಳಗಳನ್ನೇ ಕಾಣುವುದು ನೇರವಾದ ದಾರಿ.

ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಭೈರರಸ 1432ರಲ್ಲಿ ಪ್ರತಿಷ್ಠಾಪಿಸಿದನು. ಪ್ರೇರಣೆ ನೀಡಿದವರು ಪನಸೋಗೆಯ ಲಲಿತಕೀರ್ತಿ ಮುನಿಗಳು. ಹಳೆ ಮೈಸೂರಿನ ಪನಸೋಗೆಯ ಗುರುಪರಂಪರೆ ಘಟ್ಟದ ಕೆಳಗೆ ಬೇರೂರಿದ್ದುದಕ್ಕೆ ಈ ಹೆಸರೇ ಸಾಕ್ಷಿ. ಗಡಿ ಸಂಪುಟಗಳದ್ದೇ ಹೊರತು ಪರಂಪರೆಯದ್ದಲ್ಲ. ಬೆಳಗೊಳದ ಮೂರ್ತಿ ಬೆಟ್ಟದ ಶಿಲೆಯಲ್ಲೇ ಅರಳಿದ್ದು. ಕಾರ್ಕಳದ್ದು ಬೇರೆಡೆ ಕಡೆದು ಬೆಟ್ಟದ ಮೇಲಕ್ಕೆ ಸಾಗಿಸಿದ್ದು. 17ನೆಯ ಶತಮಾನದ ಚಂದ್ರಮ ಕವಿಯ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ ಆ ಸಾಗಣೆಯ ಸಾಹಸವನ್ನು ವರ್ಣಿಸುತ್ತದೆ. ಮಟ್ಟಸವಾದ ಪುಟದ ಮೇಲೆ ಅದು ಕವಿಸಮಯದಂತೆ ತೋರಬಹುದು. ಬೋಳುಬಂಡೆಯ ಏರಿನ ಬುಡದಲ್ಲಿ ನಿಂತು ಮೇಲೆ ನೋಡಿದವರಿಗೆ ಅದರಲ್ಲಿರುವ ವಾಸ್ತವದ ಭಾರ ಅರಿವಾಗುತ್ತದೆ.

ಅದೇ ಊರಿನ ಚತುರ್ಮುಖ ಬಸದಿಯನ್ನು ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದನು. ಇಲ್ಲಿ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು ನಾಲ್ಕು ದಿಕ್ಕಿಗೂ ಮುಖಮಾಡಿ ನಿಂತಿವೆ. ಯಾವ ಬಾಗಿಲಿನಿಂದ ಪ್ರವೇಶಿಸಿದರೂ ದರ್ಶನ ಒಂದೇ.

ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿ, ಜನರ ಮಾತಿನ ‘ಸಾವಿರ ಕಂಬದ ಬಸದಿ’, 1430ರದು. ಅದರ ಅಂತಸ್ತುಗಳ ಇಳಿಜಾರು ಮಾಡನ್ನು ಕಂಡ ಜೇಮ್ಸ್ ಫರ್ಗುಸನ್ ಈ ಊರಿನ ಬಸದಿಗಳನ್ನು ನೇಪಾಳದ ವಾಸ್ತುವಿನೊಂದಿಗೆ ಹೋಲಿಸಿದನು. ಆದರೆ ಉತ್ತರವನ್ನು ಅಷ್ಟು ದೂರ ಅರಸಬೇಕಾಗಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ ಬಿದ್ದರೆ ಈ ಸೀಮೆಯಲ್ಲಿ ಅದರ ಮೂರು ನಾಲ್ಕು ಪಟ್ಟು ಸುರಿಯುತ್ತದೆ. ನೀರನ್ನು ಗೋಡೆಯಿಂದ ದೂರಕ್ಕೆ ಎಸೆಯುವ ಮಾಡು ಇಲ್ಲಿನ ಮನೆಗೂ ಬೇಕು, ಬಸದಿಗೂ ಬೇಕು. ಬಸದಿ ಆ ನೆಲದ ಮನೆಯನ್ನೇ ದೊಡ್ಡದಾಗಿಸಿ ಕಟ್ಟಿದಂತಿದೆ. ಈ ಊರಿನ ಶಾಸನಗಳಲ್ಲಿ ಅರಸರೊಂದಿಗೆ ಸೆಟ್ಟಿಗಳೂ ಕಾಣಿಸಿಕೊಳ್ಳುತ್ತಾರೆ. ಘಟ್ಟದಿಂದ ಬಂದರಿಗೆ ಇಳಿದ ಸರಕಿನ ಲಾಭದ ಒಂದು ಪಾಲು ಇಲ್ಲಿ ಕಂಬವಾಗಿ, ದೀಪವಾಗಿ ಉಳಿಯಿತು.

ಇದೇ ಊರಿನ ಗುರುಬಸದಿ, ಅಥವಾ ಸಿದ್ಧಾಂತ ಬಸದಿ, ಕಲ್ಲಿಗಿಂತ ನಾಜೂಕಾದ ಸಂಪತ್ತನ್ನು ಕಾಪಾಡಿತು. ‘ಷಟ್ಖಂಡಾಗಮ’ಕ್ಕೆ ವೀರಸೇನರು ಬರೆದ ‘ಧವಲಾ’ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಇಲ್ಲಿದ್ದವು. ಮೂಲಗ್ರಂಥದ ಭಾಷೆ ಪ್ರಾಕೃತ, ಪ್ರತಿಗಳ ಲಿಪಿ ಹಳಗನ್ನಡ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ 16 ಸಂಪುಟಗಳಾಗಿ ಅದು ಅಚ್ಚಾಗಲು ಮೂಡಬಿದಿರೆಯ ಪ್ರತಿಗಳೇ ಆಧಾರ. ಆ ಆಗಮ ಲೋಕಕ್ಕೆ ಮರಳಿ ದೊರೆತದ್ದು ಕರಾವಳಿಯಲ್ಲಿ ಉಳಿದ ಕನ್ನಡ ಲಿಪಿಯ ಪ್ರತಿಗಳಿಂದ. ತೇವ ಮತ್ತು ಹುಳುಗಳ ಈ ನೆಲದಲ್ಲಿ ತಾಳೆಗರಿ ತಾನಾಗಿ ಬಾಳುವುದಿಲ್ಲ. ಅದನ್ನು ಪವಿತ್ರವೆಂದು ಬಗೆದು ಕಾಯುವ ಸಮುದಾಯ ಬೇಕು.

ಅಂಥ ಸಮುದಾಯ ಇಲ್ಲವಾದರೆ ಏನಾಗುತ್ತದೆಂಬುದನ್ನು ಶರಾವತಿಯ ದಡದ ಗೇರುಸೊಪ್ಪೆ ಹೇಳುತ್ತದೆ. ನಗಿರೆಯೆಂದೂ ಕ್ಷೇಮಪುರವೆಂದೂ ಹೆಸರಾಗಿದ್ದ ಈ ಪಟ್ಟಣದ ಕೊನೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. 17ನೆಯ ಶತಮಾನದ ಆರಂಭದಲ್ಲಿ ಪಟ್ಟಣ ಕೆಳದಿಯ ನಾಯಕರ ವಶವಾಯಿತು. 1623ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿ ಕಂಡದ್ದು ಪಾಳುಬಿದ್ದ ನಗರವನ್ನು. ಇಂದು ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಕಾರ್ಕಳದಂತೆ ಇಲ್ಲಿಯೂ ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೆ ಜಿನಬಿಂಬ. ಶಿಲ್ಪ ಉಳಿದಿದೆ, ಅದರ ಸುತ್ತಲಿದ್ದ ಸೆಟ್ಟಿಗಳು, ಲಿಪಿಕಾರರು, ಪೇಟೆಯ ಸದ್ದು ಯಾವುದೂ ಉಳಿದಿಲ್ಲ.

ಎರಡು ಊರುಗಳಿಗೂ ಮಳೆ ಸಮಾನ, ಶಿಲ್ಪಿಗಳ ನೈಪುಣ್ಯ ಸಮಾನ. ಒಂದೆಡೆ ವ್ಯಾಪಾರ ಕುಗ್ಗಿದ ಮೇಲೂ ಮಠ, ಕುಟುಂಬಗಳು, ನಿತ್ಯಪೂಜೆ ಉಳಿದವು; ಇನ್ನೊಂದೆಡೆ ಪಟ್ಟಣವೇ ಚದುರಿತು. ಗೇರುಸೊಪ್ಪೆಯ ಭಂಡಾರಗಳಲ್ಲಿ ಯಾವ ಗ್ರಂಥಗಳಿದ್ದವೋ, ಯಾವ ಕವಿಗಳು ಅಲ್ಲಿ ಓದಿ ಬರೆದರೋ, ಆ ಪಾಲು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬಹುಮಟ್ಟಿಗೆ ಬರಿದಾಗಿದೆ. ಕಟ್ಟಡಕ್ಕೆ ಬೇಲಿ ಹಾಕಿ ಫಲಕ ನೆಡಬಹುದು. ಚದುರಿದ ಓದುಗ ಸಮುದಾಯವನ್ನು ಹಾಗೆ ನೆಡಲಾಗದು.

ಆದ್ದರಿಂದ ಬೆಂಗಳೂರಿನ ಸಂಶೋಧನಾರ್ಥಿಗೆ ಕರಾವಳಿಯ ಕ್ಷೇತ್ರಕಾರ್ಯ ಗ್ರಂಥಾಲಯದ ಓದಿನ ಕೊನೆಗೆ ಸೇರಿಸುವ ವಿಹಾರವಲ್ಲ, ಆ ಓದಿನದೇ ಒಂದು ಭಾಗ. ಮೂಡಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಕೈಗೆತ್ತಿಕೊಳ್ಳುವವರು ಆ ಊರಿನ ಮಾಡು, ಕಂಬ, ಸೆಟ್ಟಿಗಳ ಬೀದಿಗಳನ್ನು ಒಮ್ಮೆ ಕಾಣಬೇಕು. ಭೋಗದ ನಡುವೆಯೇ ಯೋಗವನ್ನು ಸಾಧಿಸುವ ಚಕ್ರವರ್ತಿಯ ಕಥೆ ಸಿರಿಯೂ ಬಸದಿಯೂ ಒಂದೇ ಬೀದಿಯಲ್ಲಿದ್ದ ಊರಿನಲ್ಲಿ ಏಕೆ ಹುಟ್ಟಿತೆಂಬ ಪ್ರಶ್ನೆ ಅಲ್ಲಿಯೇ ಸರಿಯಾಗಿ ಮೂಡುತ್ತದೆ.