ರವಿವಾರ ಪೇಟೆಯ ಅಡತಿ ಲೆಕ್ಕ, ನನ್ನ ಬ್ಲಾಗಿನ ಲೆಕ್ಕ

ಬೆಳಗಿನ ಹತ್ತು ದಾಟಿದ ಮೇಲೆ ಬೆಳಗಾವಿಯ ರವಿವಾರ ಪೇಟೆಗೆ ಬಂದರೆ ನೀವಾಗಿ ನಡೆಯಬೇಕಿಲ್ಲ, ಗದ್ದಲವೇ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಎದುರಿಗೆ ಕೈಗಾಡಿ, ಹಿಂದೆ ಟೆಂಪೊ, ಪಕ್ಕದಲ್ಲಿ ಸಕ್ಕರೆ ಚೀಲ ಹೊತ್ತ ಹಮಾಲರು. "ಬಾಜೂ, ಬಾಜೂ" ಅನ್ನುವ ಕೂಗು ಕನ್ನಡವೋ ಮರಾಠಿಯೋ ಅಂತ ಯೋಚಿಸುವಷ್ಟರಲ್ಲಿ ಚೀಲ ನಿಮ್ಮನ್ನು ದಾಟಿ ಅಂಗಡಿ ಸೇರಿರುತ್ತದೆ. ಬೆಲ್ಲ, ಒಣಮೆಣಸಿನಕಾಯಿ, ಅರಿಷಿಣ, ಹುಣಸೆಹಣ್ಣು ಎಲ್ಲದರ ವಾಸನೆ ಕೂಡಿ ಈ ಪೇಟೆಗೆ ತನ್ನದೇ ಒಂದು ವಾಸನೆ ಇದೆ. ಹೆಸರಿನಲ್ಲಿ ರವಿವಾರ ಇದ್ದರೂ ಧಾವಂತ ವಾರವಿಡೀ.

ಇಲ್ಲೇ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯ ಗೋದಾಮಿನ ಮೇಲಿನ ಮಹಡಿ ನಮ್ಮ ಮನೆ. ಕಿಟಕಿಯ ಪಕ್ಕ ಒಂದು ಟೇಬಲ್, ಅದರ ಮೇಲೊಂದು ಲ್ಯಾಪ್‌ಟಾಪ್. ಅದೇ ನನ್ನ ಆಫೀಸು. ಪುಣೆಯ ಕೆಲಸ ಬಿಟ್ಟು ಊರಿಗೆ ಬಂದು, ಬೆಳಗಾವಿ ಮತ್ತು ಖಾನಾಪುರದ ಸುತ್ತಮುತ್ತಲಿನ ಜಾಗ, ತಿನಿಸು, ಸಂತೆ, ಗುಡಿಗಳ ಬಗ್ಗೆ ಬ್ಲಾಗ್ ಬರೆಯುತ್ತೇನೆ. "ಮನ್ಯಾಗ ಕೂತು ಬ್ಲಾಗ್ ಬರದು ಹೊಟ್ಟಿ ತುಂಬ್ತದನು?" ಎಂದು ಸಂಬಂಧಿಕರು ಕೇಳದ ಮದುವೆ ಮನೆ ಇಲ್ಲ. ಈ ಪ್ರಶ್ನೆಗೆ ಉತ್ತರ ಹೇಳಲು ನಿಮ್ಮನ್ನು ಈ ಗಲ್ಲಿಯಿಂದ ಖಾನಾಪುರದ ಕಾಡಿನವರೆಗೆ ಒಂದು ಸುತ್ತು ಕರೆದುಕೊಂಡು ಹೋಗಬೇಕು.

ಮೊದಲು ಗಲ್ಲಿಯ ಕತೆ. ಬ್ಲಾಗಿಗೆ ಗೂಗಲ್ ಆಡ್‌ಸೆನ್ಸ್ ಜಾಹೀರಾತು ಹಾಕಿಕೊಂಡವರಿಗೆ ಇದು ಗೊತ್ತಿರುತ್ತದೆ: ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತ ಮಾಡಿಕೊಳ್ಳಲು ಗೂಗಲ್‌ನವರು ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಕಳಿಸುತ್ತಾರೆ. 100 ಡಾಲರ್ ಆದ ಮೇಲಷ್ಟೇ ಹಣ ಬ್ಯಾಂಕಿಗೆ ಬರುತ್ತದೆ. ನನಗೆ ಆ ಹತ್ತು ಡಾಲರ್ ಕೂಡಲು ಐದು ತಿಂಗಳು ಹಿಡಿಯಿತು. ನಮ್ಮ ಕಟ್ಟಡದ ಅಂಚೆಯೆಲ್ಲ ಕೆಳಗಿನ ಅಂಗಡಿಯಲ್ಲೇ ಕೊಟ್ಟು ಹೋಗುವುದು ರೂಢಿ. ಅಂಗಡಿಯ ಕಾಕಾ ಆ ಪುಟ್ಟ ಕಾಗದವನ್ನು ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಇದೇನ್ ತಂಗಿ, ಯಾವುದರ ನೋಟೀಸ್ ಅಲ್ಲ ಹೌದಿಲ್ಲೊ?" ಎಂದು ಕೇಳಿದರು. ವಿಷಯ ಹೇಳಿದೆ. ಜಾಹೀರಾತು ಕೊಡುವವರು ಬೇರೆ, ಓದುವವರು ಬೇರೆ, ನಡುವೆ ಗೂಗಲ್, ಜಾಹೀರಾತುದಾರರು ಕೊಟ್ಟ 100 ರೂಪಾಯಿಯಲ್ಲಿ ಸುಮಾರು 68 ರೂಪಾಯಿ ಬರೆಯುವವರಿಗೆ ಅಂತೆಲ್ಲ ವಿವರಿಸಿದೆ. ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು. "ಅಂದ್ರ ಅಡತಿ ಧಂದೆ ಅನ್ನು!"

ಅವರ ತಂದೆ ಅಡತಿ ವ್ಯಾಪಾರಿ. ರೈತರ ಮಾಲು ತಮ್ಮ ಅಂಗಡಿಯಲ್ಲಿಟ್ಟು ಮಾರಿಸಿ ಕಮಿಷನ್ ತೆಗೆದುಕೊಳ್ಳುವ ಧಂದೆ. "ಅಡತ್ಯಾನ ಕಡೆ ತನ್ನ ಮಾಲು ಇರೂದಿಲ್ಲ ತಂಗಿ, ತನ್ನ ಮಾತು ಅಷ್ಟ ಇರ್ತೈತಿ. ರೈತನೂ ಅವನ ಮಾತು ನಂಬಬೇಕು, ತಗೊಳ್ಳಾವನೂ ನಂಬಬೇಕು. ಒಬ್ಬರ ನಂಬಿಗಿ ಹ್ವಾತಂದ್ರ ಅಂಗಡಿ ಬಾಗಲಾ ಹಾಕೂದ" ಅಂದರು. ಅವತ್ತು ನಕ್ಕು ಮಹಡಿ ಹತ್ತಿದೆ. ಆ ಮಾತಿನ ತೂಕ ತಿಳಿಯಲು ಇನ್ನೂ ಒಂದೂವರೆ ವರ್ಷ ಬೇಕಾಯಿತು.

ಶುರುವಿನಲ್ಲಿ ನಾನು ಬರೆದದ್ದೆಲ್ಲ ಕಾಲ್ನಡಿಗೆಯ ದೂರದ್ದು. ಗಣಪತಿ ಗಲ್ಲಿ, ಖಡೇಬಜಾರ್, ಶಹಾಪುರದ ಸೀರೆ ಅಂಗಡಿಗಳು, ವಡಗಾವಿಯ ಮಗ್ಗದ ಮನೆಗಳು. ಹಾಲು ಕಾಯಿಸಿ ಕಾಯಿಸಿ ಕಂದು ಬಣ್ಣಕ್ಕೆ ಇಳಿಸುವ ಕುಂದಾ, ಮದುವೆ ಮನೆಯ ಮಂಡಿಗೆ. ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲ ಬಸದಿ, ಅದರ ಛತ್ತಿನಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲ. ಕನ್ನಡದಲ್ಲೂ ಬರೆದೆ, ಇಂಗ್ಲಿಷಿನಲ್ಲೂ ಬರೆದೆ. ಕನ್ನಡದ ಬರಹಕ್ಕೆ ಓದುಗರ ಪ್ರೀತಿ ಹೆಚ್ಚು, ಇಂಗ್ಲಿಷಿನ ಬರಹಕ್ಕೆ ಜಾಹೀರಾತಿನ ದರ ಹೆಚ್ಚು. ನನ್ನ ಖಾತೆಯಲ್ಲಿ ಇದು ಇವತ್ತಿಗೂ ಬದಲಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಮಾತ್ರ ಬೇರೆಯೇ ಒಂದು ಲೇಖನ. "ಖಾನಾಪುರದ ಯಾರಿಗೂ ಗೊತ್ತಿಲ್ಲದ ಐದು ಜಲಪಾತಗಳು." ಪ್ರತಿಯೊಂದಕ್ಕೂ ಗೂಗಲ್ ಮ್ಯಾಪ್ ಕೊಂಡಿ, ಎಲ್ಲಿ ಗಾಡಿ ನಿಲ್ಲಿಸಬೇಕು, ಎಷ್ಟು ನಡೆಯಬೇಕು ಎಲ್ಲ ಕೊಟ್ಟಿದ್ದೆ. ಜೂನ್ ಬಂತೆಂದರೆ ಸಾಕು, ಪುಣೆ, ಹುಬ್ಬಳ್ಳಿ, ಗೋವಾ, ಬೆಂಗಳೂರಿನಿಂದ ಓದುಗರು. ನನ್ನ ಮಳೆಗಾಲದ ಗಳಿಕೆಯ ಅರ್ಧ ಆ ಒಂದೇ ಪುಟದ್ದು.

ಆ ಲೇಖನ ನೋಡಿಯೇ ಒಂದು ರೆಸಾರ್ಟ್‌ನವರು ಫೋನ್ ಮಾಡಿದರು. ಕಾಡಂಚಿನಲ್ಲಿ ಹೊಸದಾಗಿ ಕಟ್ಟಿದ್ದಾರಂತೆ. ಒಂದು ಲೇಖನಕ್ಕೆ 30,000 ರೂಪಾಯಿ. ಆಗ ನನಗೆ ಜಾಹೀರಾತಿನಿಂದ ನಾಲ್ಕು ತಿಂಗಳು ಬರುತ್ತಿದ್ದ ಹಣ ಅದು. ಶರತ್ತು ಎರಡು. ಇದು ಪ್ರಾಯೋಜಿತ ಎಂದು ಎಲ್ಲೂ ಬರೆಯಬಾರದು, ನಾನಾಗಿ ಹೋಗಿ ಬಂದ ಹಾಗಿರಬೇಕು. ಎರಡನೆಯದು, ರೆಸಾರ್ಟ್ ಹಿಂದಿನ ಒಂದು ಜಲಪಾತದ ಜಾಗವನ್ನು ಮ್ಯಾಪ್ ಸಮೇತ ಹಾಕಬೇಕು.

ಹಣ ಪಡೆದು ಬರೆದದ್ದಕ್ಕೆ ಜಾಹೀರಾತು ಎಂದು ಗುರುತು ಹಾಕಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ. ಅದು ನನಗೆ ಗೊತ್ತಿತ್ತು. ಆದರೆ ಅವ್ವನ ಮೊಣಕಾಲಿನ ಚಿಕಿತ್ಸೆ ನಡೆದಿತ್ತು, ಲ್ಯಾಪ್‌ಟಾಪ್‌ನ ಇಎಂಐ ಎರಡು ಬಾಕಿ ಇತ್ತು. "ಒಮ್ಮೆ ಹೋಗಿ ನೋಡಿ ಹೇಳ್ತೀನ್ರಿ" ಅಂದೆ.

ಶ್ರಾವಣದ ಒಂದು ಬೆಳಗ್ಗೆ ಬಸ್ ಹಿಡಿದೆ. ಟಿಳಕವಾಡಿ ದಾಟಿ, ಪೀರನವಾಡಿ, ವಿಟಿಯು ಇರುವ ಮಚ್ಛೆ ಹಿಂದಾದ ಮೇಲೆ ಊರಿನ ಸದ್ದು ಕಡಿಮೆಯಾಗುತ್ತ ಹೋಗುತ್ತದೆ. ಬೆಳಗಾವಿಯಿಂದ ಖಾನಾಪುರ ಬರೀ 26 ಕಿಲೋಮೀಟರ್ ಆಸುಪಾಸು, ಆದರೆ ಮಳೆಗಾಲದಲ್ಲಿ ಅದು ಬೇರೆಯೇ ನಾಡು. ಎರಡೂ ಬದಿ ಭತ್ತದ ಗದ್ದೆ, ಕೆಂಪು ಮಣ್ಣಿನ ನೀರು, ಪ್ಲಾಸ್ಟಿಕ್ ಗೊಪ್ಪೆ ಹಾಕಿಕೊಂಡು ಬಗ್ಗಿದ ಹೆಣ್ಣುಮಕ್ಕಳು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರಕ್ಕೆ ಬರುವಷ್ಟರಲ್ಲಿ ತುಂಬಿದ ಹೊಳೆ. ಅಲ್ಲಿಂದ ಇನ್ನೊಂದು ಬಸ್ ಹತ್ತಿ ಪಶ್ಚಿಮಕ್ಕೆ ಹೋದೆ. ಇಳಿದ ಹಳ್ಳಿಯ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ.

ಈ ಭಾಗದಲ್ಲೇ ಭೀಮಗಡ ವನ್ಯಧಾಮ ಇರುವುದು. 2011ರಲ್ಲಿ ಘೋಷಣೆಯಾದ ಕಾಡು, 190 ಚದರ ಕಿಲೋಮೀಟರ್. ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ಸ್ ಫ್ರೀ ಟೇಲ್ಡ್ ಎಂಬ ಬಾವಲಿ ಜಗತ್ತಿನಲ್ಲೇ ಅಪರೂಪ. ಮಳೆಗಾಲದಲ್ಲಿ ಇಲ್ಲಿಯ ಜಲಪಾತಗಳಿಗೆ ಹೋಗಲು ಅರಣ್ಯ ಇಲಾಖೆ ನಿರ್ಬಂಧ ಹಾಕುವುದೂ ಉಂಟು.

ರಸ್ತೆ ಪಕ್ಕದ ಮನೆಯೊಂದರ ಮಾವಶಿ ಮಳೆಯಲ್ಲಿ ನಿಂತ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ಅರ್ಧ ಮರಾಠಿ, ಅರ್ಧ ಕನ್ನಡ ಮಾತು. ಹಿತ್ತಲಲ್ಲಿ ಒಂದು ಎಮ್ಮೆ ಕುಂಟುತ್ತಿತ್ತು. ಏನಾಯ್ತು ಅಂತ ಕೇಳಿದೆ.

"ಬಾಟ್ಲಿ ಚೂರು ನಟ್ಟೈತಿ. ನೀರು ನೋಡಾಕ ಬರ್ಲಿ, ಬ್ಯಾಡಂದವ್ರು ಯಾರು? ಕುಡದು, ಒಡದು, ಹಳ್ಳದಾಗ ಒಗದು ಹೋಗ್ತಾರ. ನಮ್ಮ ದನ ಇಳಿಯೂದು ಅಲ್ಲೇ, ನಾವು ನೀರು ತರೂದೂ ಅಲ್ಲಿಂದನ. ಎರಡು ವರ್ಷದಿಂದ ಈ ಗೋಳು. ಮೊದಲು ಈ ಹಾದಿ ಯಾರಿಗೂ ಗೊತ್ತಿರ್ಲಿಲ್ಲವ್ವಾ."

ಎರಡು ವರ್ಷ. ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಅಂಗಳದಲ್ಲಿ ಒಂದು ಕಾರು ನಿಂತಿತು. ನಾಲ್ಕು ಹುಡುಗರು. ಒಬ್ಬ ಇಳಿದು ಬಂದು ನನಗೇ ಫೋನ್ ತೋರಿಸಿದ. "ಅಕ್ಕಾ, ಇಲ್ಲಿಗೆ ಹ್ಯಾಂಗ ಹೋಗಬೇಕ್ರಿ?" ಪರದೆಯ ಮೇಲೆ ನನ್ನದೇ ಲೇಖನ. ನಾನೇ ತೆಗೆದ ಫೋಟೊ, ನಾನೇ ಹಾಕಿದ ಕೊಂಡಿ.

"ಹಳ್ಳ ತುಂಬೈತಿ, ಹೋಗಬ್ಯಾಡ್ರಿ" ಅಂದೆ. ಹುಡುಗರು ನನ್ನ ಮಾತು ಕೇಳಲಿಲ್ಲ. ಅಲ್ಲಿಗೆ ಬರಲು ಹೇಳಿದ್ದೂ ನಾನೇ ಅಲ್ಲವೇ? ಮುಂದೆ ಗಾರ್ಡ್ ತಡೆದು ವಾಪಸ್ ಕಳಿಸಿದ್ದನ್ನು ಆಮೇಲೆ ನೋಡಿದೆ. ಮಾವಶಿಗೆ ಆ ಲೇಖನ ನನ್ನದು ಅಂತ ಹೇಳುವ ಧೈರ್ಯ ಆಗಲಿಲ್ಲ. ರೆಸಾರ್ಟ್ ಕಡೆಗೆ ಹೋಗಲೂ ಇಲ್ಲ.

ಸಂಜೆ ಮನೆಗೆ ಬಂದಾಗ ಕಾಕಾ ಬಾಗಿಲು ಹಾಕುವ ತಯಾರಿಯಲ್ಲಿದ್ದರು. ಒಂದು ಮೂಲೆಯಲ್ಲಿ ತೊಗರಿಬೇಳೆಯ ಚೀಲಗಳ ರಾಶಿ. ಬೈಲಹೊಂಗಲದ ಕಡೆಯ ಅಂಗಡಿಯೊಂದಕ್ಕೆ ಕಳಿಸಿದ ಮಾಲಿನಲ್ಲಿ ಹುಳ ಕಂಡು ವಾಪಸ್ ಬಂದಿತ್ತಂತೆ. "ನಷ್ಟ ಯಾರಿಗೆ ಕಾಕಾ?" ಅಂದೆ. "ನನಗ. ಮಾಲು ಕೆಟ್ಟದ್ದು ಹ್ವಾದ್ರ ವಾಪಸ್ ತಗೋಬೇಕು. ಇಲ್ಲಾಂದ್ರ ಮುಂದಿನ ಸಲ ಆ ಮನಷ್ಯಾ ಈ ಗಲ್ಲಿಗೆ ಬರೂದಿಲ್ಲ."

ಆ ರಾತ್ರಿ ನನ್ನ ಮಾಲನ್ನು ನಾನೂ ವಾಪಸ್ ತೆಗೆದುಕೊಂಡೆ. ಐದು ಜಲಪಾತಗಳ ಮ್ಯಾಪ್ ಕೊಂಡಿ, ದಾರಿ, ಹೆಸರು ಎಲ್ಲ ಅಳಿಸಿದೆ. ಅದೇ ಪುಟದಲ್ಲಿ, ಏಕೆ ಅಳಿಸಿದೆ ಅಂತ ನಾಲ್ಕು ಸಾಲು ಬರೆದೆ. ರೆಸಾರ್ಟ್‌ನವರಿಗೆ ಆಗುವುದಿಲ್ಲ ಅಂತ ತಿಳಿಸಿದೆ. ಮುಂದಿನ ತಿಂಗಳು ಗಳಿಕೆ ಮೂರನೇ ಒಂದು ಪಾಲು ಕುಸಿಯಿತು. ಇಎಂಐ ಕಟ್ಟಲು ಅಣ್ಣನ ಹತ್ತಿರ ಕೈಗಡ ತೆಗೆದುಕೊಂಡೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಲೆಕ್ಕ ಪೂರ್ತಿ ಇರಲಿ ಅಂತ ಹೇಳುತ್ತಿದ್ದೇನೆ.

ಆಮೇಲೆ ಮತ್ತೆ ಖಾನಾಪುರಕ್ಕೆ ಹೋದೆ, ಈ ಸಲ ಜನ ಬಂದರೆ ಊರಿಗೆ ಒಳ್ಳೆಯದಾಗುವ ಜಾಗಗಳನ್ನು ಹುಡುಕಿಕೊಂಡು. ಕದಂಬರ ಕಾಲದ ಹಲಸಿಯಲ್ಲಿ ಭೂವರಾಹ ನರಸಿಂಹ ಗುಡಿಯ ಕಲ್ಲಿನ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕಳೆದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡಕ್ಕೆ ಹೋದೆ. ಖಾನಾಪುರದ ಮಣ್ಣು ಹೆಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿರುವುದೂ ಅದಕ್ಕೇ. ತಿಗರಿಯ ಮೇಲೆ ಕೈಯಾಡಿಸುತ್ತಿದ್ದ ಅಜ್ಜ ಒಬ್ಬರು "ಫೋಟೋ ಆಮ್ಯಾಲ ತಗಿಯವ್ವಾ, ಮೊದಲ ಒಂದ್ ಗಡಿಗಿ ತಗೊ" ಅಂದರು. ತೆಗೆದುಕೊಂಡೆ. ಆ ಗಡಿಗೆಯ ನೀರು ಕುಡಿಯುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಇವು ಜಲಪಾತದ ಹಾಗೆ ಒಂದೇ ಮಳೆಗೆ ಉಕ್ಕಲಿಲ್ಲ. ಆದರೆ ವರ್ಷವಿಡೀ ನಿಧಾನಕ್ಕೆ ಓದುಗರು ಬರುತ್ತಾರೆ. "ಹಲಸಿಗೆ ಅತ್ತಿ-ಮಾವನ್ನ ಕರಕೊಂಡು ಹೋಗೂದಕ್ಕ ಮೆಟ್ಟಲಾ ಭಾಳ ಅದಾವೇನ್ರಿ?" ಅಂತ ಕೇಳಿ ಪತ್ರ ಬರೆಯುತ್ತಾರೆ. ಅಂಥವರು ಮತ್ತೆ ಮತ್ತೆ ಬರುತ್ತಾರೆ.

ಈಗ ಮದುವೆ ಮನೆಯ ಪ್ರಶ್ನೆಗೆ ಉತ್ತರ. ಹೊಟ್ಟೆ ತುಂಬುತ್ತದೆ, ಆದರೆ ಬರೀ ಜಾಹೀರಾತಿನಿಂದ ಅಲ್ಲ. ಆಗ್ರಾದ ಅಮಿತ್ ಅಗರ್‌ವಾಲ್ 2004ರಲ್ಲಿ ತಂತ್ರಜ್ಞಾನದ ಬ್ಲಾಗ್ ಶುರು ಮಾಡಿ ಅದನ್ನೇ ವೃತ್ತಿ ಮಾಡಿಕೊಂಡವರು. ಉಡುಪಿ ಮೂಲದ ಅರ್ಚನಾ ಹೆಬ್ಬಾರ್ ಅವರ ಹೆಬ್ಬಾರ್ಸ್ ಕಿಚನ್ ಎಷ್ಟೋ ಮನೆಗಳ ಅಡುಗೆಮನೆ ಸೇರಿದೆ. ಅವರನ್ನು ನೋಡಿ ಹುರುಪು ಬರಲಿ, ಆದರೆ ಅವರ ಗಳಿಕೆಯನ್ನು ನಮ್ಮ ಬಜೆಟ್ಟಿಗೆ ಬರೆದುಕೊಳ್ಳುವುದು ಬೇಡ. ನನ್ನ ಆದಾಯದಲ್ಲಿ ಜಾಹೀರಾತಿನದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಬ್ಲಾಗ್ ನೋಡಿ ಬಂದ ಕೆಲಸ: ಶಹಾಪುರದ ಸೀರೆ ಅಂಗಡಿಯೊಂದರ ಆನ್‌ಲೈನ್ ವಿವರಣೆ, ಮರಾಠಿ-ಕನ್ನಡ-ಇಂಗ್ಲಿಷ್ ಅನುವಾದ, ಕಾಕಾನ ಅಂಗಡಿಯ ವಾಟ್ಸ್‌ಆ್ಯಪ್ ಕ್ಯಾಟಲಾಗ್. ಬ್ಲಾಗ್ ನನ್ನ ಬೋರ್ಡು, ಅಂಗಡಿ ಅದರ ಹಿಂದಿದೆ.

ನೀವೂ ಶುರು ಮಾಡುವುದಿದ್ದರೆ ಒಂದು ವರ್ಷ ಇನ್ನೊಂದು ಆದಾಯ ಇಟ್ಟುಕೊಳ್ಳಿ. ದುಡ್ಡು ತೆಗೆದುಕೊಂಡು ಬರೆದದ್ದನ್ನು ದುಡ್ಡು ತೆಗೆದುಕೊಂಡೆ ಅಂತಲೇ ಬರೆಯಿರಿ. ಯಾವ ಜಾಗಕ್ಕೆ ಜನರನ್ನು ಕಳಿಸುತ್ತೀರೋ ಅಲ್ಲಿ ಬದುಕುವವರನ್ನು ಮೊದಲು ಕೇಳಿ.

ಹೋದ ತಿಂಗಳು ಮಾವಶಿಯ ಮನೆಗೆ ಮತ್ತೆ ಹೋಗಿದ್ದೆ. ಈ ಸಲ ಹೇಳಿದೆ, ಆ ಲೇಖನ ನನ್ನದೇ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಮ್ಮಿ ಕಾಲು ಮಾದೈತಿ, ನೋಡ್ತಿಯೇನು?" ಅಂತ ಹಿತ್ತಲಿಗೆ ಕರೆದುಕೊಂಡು ಹೋದರು.