ಕುಲುಮೆಯ ಗೋಡೆಯ ಮೇಲಿನ ಉಕ್ಕು

ಹನೂರು ತಾಲ್ಲೂಕಿನ ಶಾಗ್ಯದಲ್ಲಿ ನನಗೆ ಪರಿಚಯದ ಕಮ್ಮಾರನೊಬ್ಬನ ಕುಲುಮೆಯಿದೆ. ಅದರ ಗೋಡೆಯಲ್ಲಿ, ತಿದಿಯ ಮೇಲ್ಗಡೆ, ಮೊಳೆಗೆ ತೂಗುಹಾಕಿದ್ದ ಒಂದು ಬಾಗಿದ ಉಕ್ಕಿನ ತುಂಡನ್ನು ನಾನು ಬಹುಕಾಲ ಕುದುರೆಯ ಲಾಳವೆಂದೇ ತಿಳಿದಿದ್ದೆ. ಕುದುರೆಯೇ ಇಲ್ಲದ ಬೀದಿಗೆ ಲಾಳವೆಲ್ಲಿಂದ ಬಂತೆಂದು ಯೋಚಿಸುವಷ್ಟು ಕುತೂಹಲವೂ ನನಗಿರಲಿಲ್ಲ. ಮೇಷ್ಟರಾದವರಿಗೆ ಎಲ್ಲವೂ ತಿಳಿದಿದೆಯೆಂಬ ಭ್ರಮೆ ಸುಲಭವಾಗಿ ಬರುತ್ತದೆ.

ಒಂದು ದೀಪಾವಳಿಯ ಮುನ್ನಾದಿನ ಕುಡುಗೋಲು ತಟ್ಟಿಸಲು ಅಲ್ಲಿಗೆ ಹೋದಾಗ ಕಮ್ಮಾರನ ಮಗ ಊರಿಗೆ ಬಂದಿದ್ದ. ಒಂಬತ್ತನೆಯ ತರಗತಿಯಲ್ಲಿ ನನ್ನ ಶಿಷ್ಯ. ಈಗ ತೈಲ ಮತ್ತು ಅನಿಲ ಸಾಗಿಸುವ ಕೊಳವೆ ಮಾರ್ಗಗಳಲ್ಲಿ ಬೆಸುಗೆ ಹಾಕುವ ವೆಲ್ಡರ್.

"ಅದು ಲಾಳವಲ್ಲ ಮೇಷ್ಟ್ರೇ, ನನ್ನ ಪರೀಕ್ಷೆಯ ಉತ್ತರ ಪತ್ರಿಕೆ," ಎಂದು ನಕ್ಕ.

ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ವೆಲ್ಡರನಿಂದ ಎರಡು ಕೊಳವೆಗಳನ್ನು ಬೆಸೆಯಿಸುತ್ತಾರಂತೆ. ಬೆಸುಗೆಯನ್ನು ಅಡ್ಡಹಾಯುವಂತೆ ಪಟ್ಟಿಗಳನ್ನು ಕತ್ತರಿಸಿ, ಯಂತ್ರದಲ್ಲಿಟ್ಟು ಲಾಳದಂತೆ ಬಗ್ಗಿಸುತ್ತಾರೆ. ಬಾಗಿದೆಡೆ ಬಾಯಿ ಬಿಟ್ಟರೆ ಅವನು ಅನುತ್ತೀರ್ಣ. ಆ ಪಟ್ಟಿಯ ಬೆನ್ನಿನ ಮೇಲೆ ಬೆರಳಾಡಿಸಿದೆ. ಬೆಸುಗೆ ಎಲ್ಲಿತ್ತೆಂಬುದೇ ತಿಳಿಯಲಿಲ್ಲ.

ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪೆಟ್ರೋಲು, ಡೀಸೆಲುಗಳು ಘಟ್ಟವೇರಿ ಬರುತ್ತವೆ. 2021ರ ಜನವರಿ 5ರಂದು ಉದ್ಘಾಟನೆಗೊಂಡ ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲ ಮಾರ್ಗದ ಉದ್ದ 450 ಕಿಲೋಮೀಟರ್. ಒಂದೊಂದು ಕೊಳವೆಯೂ ಸಾಮಾನ್ಯವಾಗಿ 12 ಮೀಟರ್ ಉದ್ದವೆಂದು ಇಟ್ಟುಕೊಂಡರೆ, ಅಷ್ಟು ದೂರಕ್ಕೆ ಮೂವತ್ತೇಳು ಸಾವಿರಕ್ಕೂ ಹೆಚ್ಚು ಬೆಸುಗೆಗಳು ಬೇಕು. ಕೊಳವೆಯನ್ನು ಹೂತು ಮಣ್ಣು ಮುಚ್ಚಿದ ಮೇಲೆ ಅವುಗಳಲ್ಲಿ ಒಂದೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಮಾರ್ಗಗಳಿಗೆ ಬಳಸುವ ಬಲಿಷ್ಠ ಉಕ್ಕುಗಳಲ್ಲಿ ಒಂದಕ್ಕೆ ಎಕ್ಸ್-70 ಎಂದು ಹೆಸರು. ಚದರ ಅಂಗುಲಕ್ಕೆ 70,000 ಪೌಂಡುಗಳ ಸೆಳೆತದವರೆಗೂ ಅದು ತನ್ನ ಆಕಾರವನ್ನು ಬಿಟ್ಟುಕೊಡದು. ಕಟ್ಟಡಗಳ ಸಾಧಾರಣ ಉಕ್ಕಿಗಿಂತ ಸುಮಾರು ಎರಡು ಪಟ್ಟು ಗಟ್ಟಿ. ಉಕ್ಕು ಬಲಿಷ್ಠವಾದಷ್ಟೂ ಕೊಳವೆಯ ಗೋಡೆಯನ್ನು ತೆಳ್ಳಗೆ ಮಾಡಬಹುದು. ತೂಕವೂ ಖರ್ಚೂ ಕಡಿಮೆ. ಆದರೆ ಬೆಸೆಯುವವನಿಗೆ ಅದು ಬಲು ಹಟಮಾರಿ.

"ಅಪ್ಪ ಗುಳವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ನೋಡಿದ್ದೀರಲ್ಲ?" ಎಂದ ಅವನು. ತಟ್ಟನೆ ಆರಿದ ಕಬ್ಬಿಣ ಗಡುಸಾಗುತ್ತದೆ, ಆದರೆ ಪೆಡಸಾಗಿ ಸಿಡಿಯಲೂ ಬಹುದು. ಬೆಸುಗೆಯ ಪಕ್ಕದ ಉಕ್ಕು ಬೇಗ ಆರಿದರೂ ಅದೇ ಅವಸ್ಥೆ. ಕಡ್ಡಿಯಲ್ಲಿಯೋ ಕೊಳವೆಯ ಮೇಲೆಯೋ ತೇವವಿದ್ದರೆ ಅದರಿಂದ ಹುಟ್ಟಿದ ಜಲಜನಕ ಕರಗಿದ ಲೋಹದೊಳಗೆ ಸೇರಿಕೊಳ್ಳುತ್ತದೆ. ಗಡುಸಾದ ಉಕ್ಕು, ಒಳಗಿನ ಬಿಗಿತ, ಸೇರಿಕೊಂಡ ಜಲಜನಕ, ಈ ಮೂರೂ ಕೂಡಿದರೆ ಬಿರುಕು ಬಿಡುತ್ತದೆ. ವಿಚಿತ್ರವೆಂದರೆ, ಆ ಬಿರುಕು ಕೂಡಲೇ ಕಾಣದು. ಕೆಲವು ಗಂಟೆ ಕಳೆದು, ಕೆಲವೊಮ್ಮೆ ಒಂದೆರಡು ದಿನ ಕಳೆದು, ಬೆಸೆದವನು ಊಟ ಮಾಡಿ ಮಲಗಿದ ಮೇಲೆ ಅದು ಹುಟ್ಟುತ್ತದೆ. ಆದುದರಿಂದಲೇ ಕೊಳವೆಯ ತುದಿಗಳನ್ನು ಮುಂಚಿತವಾಗಿ ಬಿಸಿಮಾಡುತ್ತಾರೆ. ಶಾಖ ಸಾಕಾಯಿತೇ ಎಂದು ನೋಡಲು ಸೀಮೆಸುಣ್ಣದಂಥ ಒಂದು ಕಡ್ಡಿಯಿದೆ. ಉಕ್ಕಿನ ಮೇಲೆ ಗೆರೆ ಎಳೆದಾಗ ಅದು ಕರಗಿದರೆ ಬೆಸುಗೆಗೆ ತೊಡಗಬಹುದು. ಸೀಮೆಸುಣ್ಣದ ಇಂಥ ಉಪಯೋಗ ನನಗೆ ಬಹಳ ಹಿಡಿಸಿತು.

ಅನಂತರ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೊಮ್ಮೆ ನಡೆದುದನ್ನು ಹೇಳಿದ. ಸಂಜೆಯ ಹೊತ್ತು, ತುಂತುರು ಮಳೆ ಹಿಡಿದಿತ್ತು. ಕೊನೆಯ ಮೂರು ಕೂಡುಗಳನ್ನು ಮುಗಿಸುವ ಆತುರದಲ್ಲಿ ಅವನು ಆ ಕಡ್ಡಿಯನ್ನು ಎಳೆದು ನೋಡಲಿಲ್ಲ. ಯಾರೂ ಗಮನಿಸಲಿಲ್ಲ. ಕೂಡಲೇ ತೆಗೆದ ಎಕ್ಸ್-ರೇ ಚಿತ್ರಗಳಲ್ಲಿ ದೋಷವೇನೂ ಕಾಣಲಿಲ್ಲ. ಆದರೂ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಮೇಲ್ವಿಚಾರಕರ ಬಳಿಗೆ ತಾನೇ ಹೋಗಿ ಹೇಳಿದ. ಎರಡು ದಿನ ತಡೆದು ಧ್ವನಿತರಂಗಗಳಿಂದ ಪರೀಕ್ಷಿಸಿದಾಗ, ಒಂದು ಕೂಡಿನಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸದಾಗಿ ಬೆಸೆಯಿಸಿದರು. ಅವನಿಗೆ ಒಂದು ವಾರ ಕೆಲಸವೂ ಇಲ್ಲ, ಕೂಲಿಯೂ ಇಲ್ಲ.

"ಹೇಳದೆ ಇದ್ದಿದ್ದರೆ?" ಎಂದೆ.

"ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಅಲ್ಲಿ ಮೇಲೆ ಗದ್ದೆಯಿತ್ತು ಮೇಷ್ಟ್ರೇ. ಜನ ನಾಟಿ ಮಾಡುತ್ತಿದ್ದರು."

ನನಗೆ ಬೇರೊಂದು ನೆನಪಾಯಿತು. ತರಗತಿಯಲ್ಲಿ 'ನಮ್ಮ ಊರು' ಎಂಬ ಪ್ರಬಂಧ ಬರೆಯಿಸಿದ್ದೆ. ಉಳಿದವರೆಲ್ಲ ಗುಡಿ, ಕೆರೆ, ಜಾತ್ರೆ, ಮಾದೇಶ್ವರನ ಬೆಟ್ಟದ ದಾರಿ ಎಂದು ಬರೆದರೆ, ಈ ಹುಡುಗ ಎರಡು ಪುಟ ತುಂಬ ತಂದೆ ಗುಳಕ್ಕೆ ನೀರು ಕೊಡುವ ಬಗೆಯನ್ನೇ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಗೀಚಿ, ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೆ. ಅಂದು ಅದನ್ನು ಪೂರ್ತಿ ಓದಿದ್ದೆನೇ? ಓದಿರಲಿಲ್ಲವೆಂದೇ ಈಗ ಅನಿಸುತ್ತದೆ.

"ಆ ಪ್ರಬಂಧದ ಹಾಳೆ ಇದೆಯೇನಪ್ಪಾ?" ಎಂದು ಕೇಳಿದೆ.

"ಎಲ್ಲಿ ಬಂತು! ಅಪ್ಪ ಅದರಲ್ಲಿ ಬೀಡಿ ಹಚ್ಚಿಕೊಂಡಿರಬೇಕು," ಎಂದ.

ಕಿವಿ ಮಂದವಾದ ಮುದುಕ ನಮ್ಮ ಮಾತಿಗೆ ಗಮನ ಕೊಡದೆ ನನ್ನ ಕುಡುಗೋಲನ್ನು ಇಕ್ಕಳದಲ್ಲಿ ಹಿಡಿದೆತ್ತಿ, ಅದರ ಬಾಯನ್ನಷ್ಟೇ ನೀರಿಗೆ ಮುಟ್ಟಿಸಿ, ಅಲಗಿನ ಮೇಲೆ ಹರಿಯುವ ಬಣ್ಣವನ್ನು ನೋಡುತ್ತ ಕುಳಿತ. ಮಗ ಎದ್ದು ಹೋಗಿ ತಿದಿಯನ್ನು ಒತ್ತತೊಡಗಿದ.