99 ರೂಪಾಯಿಯ ಹೆಸರು, ಫೋನ್ ಎತ್ತದ ಅಂಗಡಿ



ಸಂಘಕ್ಕೆ ವೆಬ್‌ಸೈಟ್ ಮಾಡ್ಬೇಕು, ಡೊಮೈನ್ ಎಲ್ಲಿ ಸೋವಿ ಅಂತ ಮಸ್ಕಿಯ ಹುಡುಗರು ಕೇಳ್ತಾನೇ ಇದ್ದಾರೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಲೆಕ್ಕ. ಡಾಟ್ ಕಾಮ್ ಹೆಸರುಗಳೆಲ್ಲ ವೆರಿಸೈನ್ ಅನ್ನೋ ಒಂದೇ ಅಮೆರಿಕನ್ ಕಂಪನಿ ಕೈಯಲ್ಲಿವೆ. 2024ರ ಸೆಪ್ಟೆಂಬರ್‌ನಿಂದ ಅದು ಮಾರಾಟಗಾರರ ಹತ್ರ ಒಂದು ಹೆಸರಿಗೆ ವರ್ಷಕ್ಕೆ 10.26 ಡಾಲರ್ ತಗೊಳ್ಳೋಕೆ ಶುರು ಮಾಡ್ತು. ಎಂಟುನೂರು ರೂಪಾಯಿ ದಾಟ್ತು. ಮೇಲೆ ಜಿಎಸ್‌ಟಿ. ಹಂಗಿದ್ಮೇಲೆ 99 ರೂಪಾಯಿಗೆ ಕೊಡೋನು ಧರ್ಮಕ್ಕೆ ಕೊಡ್ತಾನಾ? ಎರಡನೇ ವರ್ಷದ ರಿನಿವಲ್‌ನಲ್ಲಿ, ಹೋಸ್ಟಿಂಗ್‌ನಲ್ಲಿ ತುಂಬ್ಕೊಳ್ತಾನೆ. ಕ್ಲೌಡ್‌ಫ್ಲೇರ್ ಕಂಪನಿ 2018ರಲ್ಲಿ ಲಾಭ ಇಟ್ಕೊಳ್ಳದೆ ಮೂಲ ಬೆಲೆಗೇ ಮಾರ್ತೀವಿ ಅಂತು. ಅದಕ್ಕೆ ಬೇರೆ ದಂಧೆ ಇದೆ, ನಡೆಯುತ್ತೆ. ಹೆಸರು ಮಾರೋದೇ ಕಸುಬಾದವನಿಗೆ ಹತ್ತಿಪ್ಪತ್ತು ರೂಪಾಯಿ ಉಳಿದ್ರೆ, ನಿಮ್ಮ ಒಂದು ಫೋನ್ ಕಾಲಿಗೇ ಆ ಲಾಭ ಹೋಯ್ತು. ಅದಕ್ಕೇ ಅವನು ಫೋನ್ ಎತ್ತಲ್ಲ.

ಎತ್ತದಿದ್ರೆ ಏನಾಗುತ್ತೆ ಅನ್ನೋದು ನಮಗೆ ಗೊತ್ತು. ಲಿಂಗಸುಗೂರಿನ ನಮ್ಮ ಬಳಗದ ಸೈಟಲ್ಲಿ ಹಳೇ ಮನವಿ ಪತ್ರಗಳು, ಆದೇಶದ ಪ್ರತಿಗಳು, 1978ರ ಪಿಟಿಸಿಎಲ್ ಕಾಯ್ದೆ ಕೆಳಗೆ ಅರ್ಜಿ ಹಾಕೋ ನಮೂನೆ ಎಲ್ಲಾ ಇದ್ವು. ಡಿಸೆಂಬರ್ 6ರ ಪರಿನಿಬ್ಬಾಣ ದಿನಕ್ಕೆ ಮೂರು ದಿನ ಇದ್ದಾಗ ತೆರೆದ್ರೆ ಯಾವುದೋ ಸಾಲದ ಜಾಹೀರಾತು! ಹೆಸರಿನ ಅವಧಿ ಮುಗಿದಿತ್ತು. ಕಂಪನಿಗೆ ಬರೆದ್ವಿ. ಇಂಗ್ಲಿಷಲ್ಲಿ ಒಂದು ಟಿಕೆಟ್ ನಂಬರ್ ಬಂತು. ನಾಲ್ಕನೇ ದಿನ ಉತ್ತರ: ನೀವು ಮಾಲೀಕರಲ್ಲ.

ಆ ಹೆಸರನ್ನ ಕೊಡಿಸಿದ್ದು ಸಿಂಧನೂರಿನ ಒಂದು ಕಂಪ್ಯೂಟರ್ ಅಂಗಡಿಯವನು. ರಿಜಿಸ್ಟರ್ ಮಾಡಿದ್ದು ತನ್ನ ಹೆಸರಲ್ಲಿ, ತನ್ನ ಇಮೇಲಲ್ಲಿ. ದುಡ್ಡು ನಮ್ದು, ಖಾತೆ ಅವನದು. ಮಂಜೂರಾದ ಜಮೀನಿನ ಪಹಣಿಯಲ್ಲಿ ಬೇರೆಯವರ ಹೆಸರು ನೋಡ್ಕೊಂಡೇ ಬೆಳೆದವರು ನಾವು, ಇದೂ ಅದೇ ಕಥೆ. ಅವಧಿ ಮುಗಿಯೋ ಮುಂಚೆ ಎರಡು ಸಲ, ಮುಗಿದ ಐದು ದಿನದೊಳಗೆ ಇನ್ನೊಂದು ಸಲ ನೆನಪಿಸ್ಬೇಕು ಅಂತ ಐಕ್ಯಾನ್ ನಿಯಮ ಇದೆ. ನೆನಪಿಸಿರಬಹುದು, ಅಂಗಡಿಯವನಿಗೆ. ಅವನು ಶಟರ್ ಎಳೆದು ಬೆಂಗಳೂರು ಸೇರಿ ವರ್ಷ ಆಗಿತ್ತು.

ಅಳಿಸಿದ ಹೆಸರನ್ನ ವಾಪಸ್ ಪಡೆಯೋಕೆ 30 ದಿನದ ಗಡುವು ಇರುತ್ತೆ, ಅದನ್ನ ರಿಡೆಂಪ್ಷನ್ ಅಂತಾರೆ. ಆ ದಂಡ ನೂರಿನ್ನೂರಲ್ಲಿ ಮುಗಿಯಲ್ಲ. ಅವನನ್ನ ಹುಡುಕಿ, ಓಟಿಪಿ ಬೇಡಿ, ಚಂದಾ ಎತ್ತಿ ಏಳು ಸಾವಿರ ಚಿಲ್ಲರೆ ಕಟ್ಟಿದ್ವಿ. ಪೌರಕಾರ್ಮಿಕ ಅಕ್ಕಂದಿರೂ ಐವತ್ತೈವತ್ತು ಕೊಟ್ರು. ಸೋವಿ ಹೆಸರಿನ ನಿಜವಾದ ಬೆಲೆ ಕೊಟ್ಟವರು ಅವರು.

(ಮಸ್ಕಿಯ ಬಂಡೆ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷ ರಿನಿವಲ್ ಇಲ್ದೇ ಉಳೀತು. ನಮಗೆ ಆ ಭಾಗ್ಯ ಇಲ್ರಿ.)

ಹುಡುಗರೇ, ಮೊದಲ ವರ್ಷದ ರೇಟು ಬಿಡ್ರಿ, ಎರಡನೇ ವರ್ಷದ್ದು ಕೇಳ್ರಿ. ಮಾಲೀಕರ ಜಾಗದಲ್ಲಿ ಸಂಘದ ಹೆಸರು, ಸಂಘದ ಇಮೇಲ್ ಇರ್ಲಿ, ಪಾಸ್‌ವರ್ಡ್ ಇಬ್ಬರ ಹತ್ರ ಇರ್ಲಿ. ಬೇರೆ ಕಡೆ ವರ್ಗಾಯಿಸೋ ಕೋಡ್ ಕೇಳಿದ ತಕ್ಷಣ ಕೊಡ್ತಾರಾ ವಿಚಾರಿಸ್ರಿ. ನೂರಿನ್ನೂರು ಜಾಸ್ತಿ ಆದ್ರೆ ಆಗ್ಲಿ. ದುಡ್ಡು ಕಟ್ಟೋ ಮುಂಚೆ ಅವರ ಸಹಾಯವಾಣಿಗೆ ಒಂದ್ಸಲ ಫೋನ್ ಹಚ್ಚಿ, ಕನ್ನಡದಲ್ಲೇ ಮಾತಾಡಿ ನೋಡ್ರಿ. ಯಾರು ಎತ್ತಿದ್ರು, ಯಾರು ಎತ್ತಲಿಲ್ಲ ಅಂತ ಇಲ್ಲೇ ಕೆಳಗೆ ಬರೀರಿ.